ಬಿಳಿ ಬೊಟ್ಟಿನ ಕಡಜ

ದಂಡಿಗನಹಳ್ಳಿ
7-7-1963

ಹಾಸನದ ಹುಳುಪಂಡಿತೆ ಅನಸೂಯಳಿಗೆ ಅಜ್ಜಿ ದೊಡ್ಡತಾಯಮ್ಮ ಬರೆಯುವುದು.

ನಿನ್ನ ಕಾಗದ ಬಂತು. ಮೂರು ಸಲ ಓದಿದೆ. ಕೂಲಿಮಠದಲ್ಲಿ ಎರಡು ವರ್ಷ ಮರಳಿನ ಮೇಲೆ ತಿದ್ದಿದವಳು ನಾನು, ನಿನ್ನ ಇರುವೆ ಸಾಲಿನ ಅಕ್ಷರ ಓದಲು ಮೂರು ಸಲ ಬೇಕು. ತಾಯಿ ಸತ್ತ ಮೂರು ವರ್ಷದ ಮಗುವನ್ನು ತಂದು ಸಾಕಿ, ಕಾಲೇಜಿಗೆ ಸೇರಿಸಿದರೆ ನೀನು ಅಲ್ಲಿಂದ ಕೇಳುವುದು ಇದೇ ಏನೇ? ಕೊಟ್ಟಿಗೆಯ ಸೂರಿನಲ್ಲಿ ಕಡಜದ ಗೂಡು ಇದೆಯೋ ಇಲ್ಲವೋ, ಇದ್ದರೆ ಕೆಡವಬೇಡಿ, ದಿನಾ ನೋಡಿ ಬರೆಯಿರಿ!

ಇದೆ. ಹಸು ಕಟ್ಟುವ ಗೂಟದ ನೇರಕ್ಕೆ, ಸೂರಿನ ಕೆಳಗೆ, ಅಂಗೈಯಗಲ. ನಾಳೆ ಬೆಂಕಿ ಇಡಬೇಕೆಂದಿದ್ದೆ. ನಿನ್ನ ಕಾಗದದಿಂದ ಅವುಗಳ ಆಯಸ್ಸು ಗಟ್ಟಿಯಾಯಿತು. ನಿನ್ನ ನಂಜಮ್ಮತ್ತೆಗೆ ಓದಿ ಹೇಳಿದೆ. "ಕಡ್ಜ ಓದ್ಸಕ್ಕೆ ಆಸನಕ್ಕೆ ಕಳಿಸ್ಬೇಕಿತ್ತಾ ಅತ್ತೆಮ್ಮ? ಇಲ್ಲೇ ಕಚ್ಚುಸ್ಕೊಂಡು ಕಲೀಬೋದಿತ್ತು" ಎಂದು ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ವರ್ಷವಾಗಿತ್ತು.

ಇನ್ನೊಂದು ಸುದ್ದಿ. ನಿನ್ನ ಪುಟ್ಟಸ್ವಾಮಿ ಮಾವನಿಗೆ ಇನ್ನೊಂದು ಹೆಣ್ಣು ತರುವುದೆಂದು ತೀರ್ಮಾನ ಮಾಡಿದ್ದೇನೆ. ದುದ್ದದ ಬೈರಯ್ಯನ ಮಗಳು. ಮಾಘದಲ್ಲಿ ಮದುವೆ. ನಂಜಮ್ಮ ಈ ಮನೆಗೆ ಬಂದು ಇಪ್ಪತ್ತು ವರ್ಷ, ಮಡಿಲು ತುಂಬಲಿಲ್ಲ. ನಾನು ಹನ್ನೊಂದು ಹೆತ್ತು ಆರನ್ನು ಉಳಿಸಿಕೊಂಡವಳು. ಹಿರಿಯ ಮಗನ ಬಳ್ಳಿ ಒಣಗುವುದನ್ನು ನೋಡಿಕೊಂಡು ಕೂರಲಾರೆ. ಅವಳನ್ನೇನು ಹೊರಗೆ ಹಾಕುತ್ತೇವೆಯೇ? ಹೊಸ ಸೊಸೆಯ ಬಾಣಂತನ ಮಾಡಿಕೊಂಡು ಇರುತ್ತಾಳೆ. ಬಾಣಂತನಕ್ಕೆ ಅವಳ ಕೈ ಒಳ್ಳೆಯದು. ನನ್ನ ಕಡೆಯ ನಾಲ್ಕನ್ನೂ ಮಾಡಿದ್ದು ಅವಳೇ.

ಹಾಸ್ಟೆಲಿನಲ್ಲಿ ಮುದ್ದೆ ಹಾಕುತ್ತಾರೋ, ಬರೀ ಅನ್ನವೋ? ಬರೆ.

*

ಹಾಸನ
15-7-1963

ಪ್ರೀತಿಯ ಅಜ್ಜಿ,

ನೀನು ಒಪ್ಪಿದ್ದು ಕೇಳಿ ಕುಣಿದುಬಿಟ್ಟೆ. ನಮ್ಮ ಪ್ರಾಣಿಶಾಸ್ತ್ರದ ಮೇಷ್ಟರು ಚಂದ್ರಯ್ಯನವರಿಗೆ ಹೇಳಿದೆ. ಹಳ್ಳಿಯ ಮುದುಕಿ ಏನು ನೋಡುತ್ತಾಳೆ ಎಂದರು. ನಮ್ಮಜ್ಜಿಯ ಕಣ್ಣು ತಪ್ಪಿಸಿ ಮನೆಯಲ್ಲಿ ಬೆಕ್ಕೂ ಹಾಲು ಕುಡಿಯುವುದಿಲ್ಲ ಸಾರ್ ಎಂದೆ.

ನೀನು ಮಾಡಬೇಕಾದದ್ದು ಇಷ್ಟು. ಗೂಡಿನಲ್ಲಿ ಇರುವುದೆಲ್ಲ ಹೆಣ್ಣೇ. ಎಲ್ಲಕ್ಕೂ ಮೊಟ್ಟೆಯಿಡುವ ಶಕ್ತಿಯಿದೆ, ಆದರೆ ಇಡುವುದು ಒಂದೇ. ಮಿಕ್ಕವು ಆಹಾರ ತರುತ್ತವೆ, ಗೂಡು ಕಟ್ಟುತ್ತವೆ, ಅವಳ ಮರಿ ಸಾಕುತ್ತವೆ. ಆ ಒಂದು ಮಿಕ್ಕವನ್ನು ಹೇಗೆ ತಡೆಯುತ್ತದೆ ಎಂಬುದೇ ಪ್ರಶ್ನೆ. ಪುಸ್ತಕದಲ್ಲಿರುವ ಬೇರೆ ದೇಶದ ಕಡಜಗಳಲ್ಲಿ ಅದು ಮೈಮೇಲೆ ಹತ್ತಿ ಕಚ್ಚಿ ಹೆದರಿಸುತ್ತದಂತೆ. ನಮ್ಮ ಸೀಮೆಯದು ಏನು ಮಾಡುತ್ತದೋ ಯಾರೂ ಕೂತು ನೋಡಿಲ್ಲ. ಒಂದೊಂದಕ್ಕೂ ಒಂದೊಂದು ಬಣ್ಣದ ಗುರುತಿಟ್ಟು, ಯಾವುದು ಏನು ಮಾಡಿತೆಂದು ದಿನಾ ಬರೆದಿಡು.

ಅಜ್ಜಿ, ಮಾವನ ಮದುವೆ ಬೇಡ. ಇರುವ ಹೆಂಡತಿಯ ಮೇಲೆ ಇನ್ನೊಬ್ಬಳನ್ನು ತರಬಾರದೆಂದು ಸರ್ಕಾರದ ಕಾನೂನೇ ಬಂದು ಎಂಟು ವರ್ಷವಾಯಿತು. ನನ್ನ ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೆಳೆಸಿದ್ದು ಅತ್ತೆ. ಸವತಿಯ ಬಾಣಂತನ ಮಾಡುವುದಕ್ಕೆ ಅವರನ್ನು ಇಟ್ಟುಕೊಳ್ಳಬೇಡ. ಒಮ್ಮೆ ಹಾಸನದ ಲೇಡಿ ಡಾಕ್ಟರಿಗೆ ತೋರಿಸೋಣ.

ನಿನ್ನ
ಅನಸೂಯ

*

ದಂಡಿಗನಹಳ್ಳಿ
11-8-1963

ಅನಸೂಯಳಿಗೆ, ಹೆಬ್ಬೆರಳು ಊದಿಸಿಕೊಂಡು ಅಜ್ಜಿ ಬರೆಯುವುದು.

ಒಂದು ಕಡಿಯಿತು. ಸುಣ್ಣ ಹಚ್ಚಿದೆ, ಹೋಯಿತು. ತಪ್ಪು ನನ್ನದೇ, ಬಿಸಿಲು ಬಂದ ಮೇಲೆ ಕೈಹಾಕಿದೆ. ಬೆಳಕು ಹರಿಯುವ ಹೊತ್ತಿಗೆ ಚಳಿಗೆ ಸೆಟೆದು ಕೂತಿರುತ್ತವೆ, ಆಗ ಬೊಟ್ಟಿಟ್ಟರೆ ಮದುವಣಗಿತ್ತಿಯರ ಹಾಗೆ ಸುಮ್ಮನಿರುತ್ತವೆ. ಜಾಲಿಯ ಅಂಟಿನಲ್ಲಿ ಸುಣ್ಣ, ಅರಿಸಿನ, ಕುಂಕುಮ, ಕಾಡಿಗೆ ಬೇರೆಬೇರೆಯಾಗಿ ಕಲಸಿ, ಪೊರಕೆಕಡ್ಡಿಯ ತುದಿಯಿಂದ ಬೆನ್ನಿಗೆ ಇಟ್ಟೆ. ನಂಜಮ್ಮ ಹಣತೆ ಹಿಡಿದಳು. ಒಟ್ಟು ಹದಿನಾಲ್ಕು. ಬಣ್ಣ ನಾಲ್ಕೇ, ನಾಲ್ಕಕ್ಕೆ ಒಂದೊಂದು ಬೊಟ್ಟು, ಮಿಕ್ಕವಕ್ಕೆ ಎರಡು ಮೂರು ಬಣ್ಣದ ಬೊಟ್ಟು ಸಾಲಾಗಿ ಇಟ್ಟೆ.

ನಿನ್ನ ಮೇಷ್ಟರ ಪುಸ್ತಕ ಇಲ್ಲಿ ನಡೆಯುವುದಿಲ್ಲ. ಕುಂಕುಮದ ಬೊಟ್ಟಿನದೊಂದಿದೆ, ಜಗಳಗಂಟಿ. ಬಂದವರ ಮೇಲೆ ಹತ್ತುತ್ತದೆ, ಕಾಲು ಕಚ್ಚಿ ಎಳೆದಾಡುತ್ತದೆ. ನೋಡಿದರೆ ಯಜಮಾನಿ ಇದೇ ಎನ್ನಬೇಕು. ಆದರೆ ಇಪ್ಪತ್ತು ದಿನದಲ್ಲಿ ಅದು ಒಂದೂ ಮೊಟ್ಟೆ ಇಡಲಿಲ್ಲ. ಇಡುವುದು ಸುಣ್ಣದ ಬಿಳಿ ಬೊಟ್ಟಿನದು. ಅದು ಯಾರ ತಂಟೆಗೂ ಹೋಗುವುದಿಲ್ಲ, ಯಾರನ್ನೂ ಕಚ್ಚುವುದಿಲ್ಲ. ಮೂಲೆಯಲ್ಲಿ ಕೂತಿರುತ್ತದೆ. ಆಗಾಗ ಎದ್ದು, ಬಾಲದ ತುದಿಯನ್ನು ಗೂಡಿಗೆ ಒರೆಸಿಕೊಂಡು ಒಂದು ಸುತ್ತು ಬರುತ್ತದೆ, ಸಗಣಿ ಸಾರಿಸುವವಳ ಹಾಗೆ. ಆಮೇಲೆ ಮತ್ತೆ ಮೂಲೆ. ಅಷ್ಟಕ್ಕೇ ಮಿಕ್ಕ ಹದಿಮೂರೂ ತಲೆ ತಗ್ಗಿಸಿಕೊಂಡು ಅದರ ಮಕ್ಕಳನ್ನು ಸಾಕುತ್ತವೆ.

ಇದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಜೋರು ಮಾಡುವವರು ಮನೆ ಆಳುವುದಿಲ್ಲ. ನಾನು ಯಾವತ್ತಾದರೂ ನಂಜಮ್ಮನ ಮೇಲೆ ಕೈ ಎತ್ತಿದ್ದು ನೋಡಿದ್ದೀಯಾ? ಸಂಜೆಯಾದರೆ ಯಾರ ಚಾಪೆ ಎಲ್ಲಿ ಎಂದು ಹೇಳುತ್ತೇನೆ. ಅಷ್ಟೇ. ಮನೆ ನಡೆಯುತ್ತದೆ.

ದಿನದಿನದ ಬರಹ ಇದರ ಜೊತೆ ಇಟ್ಟಿದ್ದೇನೆ. ಕಾನೂನಿನ ವಿಚಾರ ಓದಿದೆ. ದಂಡಿಗನಹಳ್ಳಿಯ ಬಸ್ಸಿನಿಂದ ಕಾನೂನು ಇಳಿದದ್ದನ್ನು ನಾನಂತೂ ನೋಡಿಲ್ಲ. ಡಾಕ್ಟರಿಗೆ ತೋರಿಸುವುದು ಏನೂ ಬೇಡ. ಬೈರಯ್ಯನ ಕಡೆಯವರು ಬಂದು ಮನೆ ನೋಡಿಕೊಂಡು ಹೋದರು. ಅವರಿಗೆ ನಂಜಮ್ಮನೇ ಒಬ್ಬಟ್ಟು ತಟ್ಟಿದಳು. ಚೆನ್ನಾಗಿತ್ತು.

*

ಹಾಸನ
22-8-1963

ಅಜ್ಜಿ,

ಮೇಷ್ಟರು ನಿನ್ನ ಬರಹವನ್ನು ಎರಡು ಸಲ ಓದಿದರು. ಆಮೇಲೆ, ಮುದುಕಿ ಬೊಟ್ಟು ಅದಲುಬದಲು ಮಾಡಿರಬೇಕು, ಕಚ್ಚದ ರಾಣಿ ಎಲ್ಲಾದರೂ ಉಂಟೇ ಎಂದರು. ಮತ್ತೊಂದು ಗಳಿಗೆಗೆ, ಗೂಡಿಗೆ ಒರೆಸುತ್ತದೆ ಎಂದರೆ ಏನಾದರೂ ವಾಸನೆ ಬಿಡುತ್ತಿರಬಹುದೇ ಎಂದು ತಾವೇ ಕೇಳಿಕೊಂಡರು. ಜೇನಿನಲ್ಲಿ ಹಾಗಂತೆ. ರಾಣಿಯ ಮೈಯಿಂದ ಬರುವ ಒಂದು ರಸದ ವಾಸನೆ ಇರುವವರೆಗೆ ಮಿಕ್ಕವುಗಳ ಗರ್ಭ ಬಲಿಯುವುದಿಲ್ಲ. ಹೊಡೆತವಿಲ್ಲ, ಬೈಗುಳವಿಲ್ಲ, ಬರೀ ವಾಸನೆ. ಕಡಜದಲ್ಲೂ ಹಾಗೆಯೇ ಎಂದು ಹೇಳಲು ಇನ್ನೂ ಯಾರ ಹತ್ತಿರವೂ ಆಧಾರವಿಲ್ಲ.

ಅದಕ್ಕೇ ಒಂದು ಪರೀಕ್ಷೆ ಮಾಡಬೇಕು. ಬಿಳಿ ಬೊಟ್ಟಿನದನ್ನು ಒಂದು ಬೆಳಿಗ್ಗೆ ಹಿಡಿದು ಬೆಂಕಿಪೊಟ್ಟಣದಲ್ಲಿ ಹಾಕಿ ದೂರ ಇಡು. ಗೂಡಿನಲ್ಲಿ ಏನಾಗುತ್ತದೆ ನೋಡು.

ಇನ್ನೊಂದು. ಜುಲೈ ಮೂವತ್ತೊಂದರವರೆಗೆ ಬರೆದಿದ್ದೀಯ. ಆಮೇಲೆ ಆಗಸ್ಟ್ ಐದಕ್ಕೆ ಶುರುವಾಗುತ್ತದೆ. ನಡುವಿನ ನಾಲ್ಕು ದಿನ ಇಲ್ಲ. ಮೈ ಸರಿಯಿರಲಿಲ್ಲವೇ?

ಬೈರಯ್ಯನ ಕಡೆಯವರಿಗೆ ಅತ್ತೆಯ ಕೈಲಿ ಒಬ್ಬಟ್ಟು ತಟ್ಟಿಸಿದೆ ಎಂದು ಓದಿ ನನಗೆ ಊಟ ಸೇರಲಿಲ್ಲ.

ಅನಸೂಯ

*

ದಂಡಿಗನಹಳ್ಳಿ
22-9-1963

ಅನಸೂಯಳಿಗೆ,

ಬೊಟ್ಟು ಅದಲುಬದಲು ಮಾಡುವಷ್ಟು ಮಂಪರು ನನಗೆ ಇನ್ನೂ ಬಂದಿಲ್ಲವೆಂದು ನಿನ್ನ ಮೇಷ್ಟರಿಗೆ ಹೇಳು.

ಬಿಳಿ ಬೊಟ್ಟಿನದನ್ನು ಪೊಟ್ಟಣಕ್ಕೆ ಹಾಕುವುದಿಲ್ಲ. ಅದು ಯಾರಿಗೇನು ಮಾಡಿದೆ? ಕಟ್ಟಿದ ಗೂಡು ಅದರದು. ನಿನ್ನ ಪರೀಕ್ಷೆಗೆ ಬೇರೆಯವರ ಮನೆಯ ತಾಯಿಯನ್ನು ನಾನು ಹೊತ್ತುಕೊಂಡು ಹೋಗಲೇ?

ಆ ನಾಲ್ಕು ದಿನ ಸೊಂಟ ಹಿಡಿದಿತ್ತು. ಗೂಡಿನ ಹತ್ತಿರ ಹೋಗಲಿಲ್ಲ.

ಹೊಳೆನರಸೀಪುರದಿಂದ ನಿನ್ನ ದಾಕ್ಷಾಯಣಿ ಚಿಕ್ಕಮ್ಮ ಆಳು ಕಳಿಸಿದ್ದಾಳೆ. ಹಿತ್ತಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಾಳಂತೆ. ಮೂರು ಮಕ್ಕಳೂ ಚಿಕ್ಕವು. ನಾಳೆ ಹೊರಡುತ್ತೇನೆ. ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು. ನಂಜಮ್ಮ ಕಡಜ ನೋಡಿಕೊಳ್ಳುತ್ತಾಳೆ. ಅವಳಿಗೆ ಅಕ್ಷರ ಬಾರದು, ಮೊಟ್ಟೆಗೊಂದು ಗೋಡೆಯ ಮೇಲೆ ಇದ್ದಿಲ ಗೆರೆ ಎಳೆ ಎಂದಿದ್ದೇನೆ. ಯಾರ್ಯಾರು ಎಲ್ಲೆಲ್ಲಿ ಮಲಗಬೇಕು, ನಾನು ಮಲಗುವ ಬಾಣಂತನದ ಕೋಣೆಗೆ ಯಾವ ಯಾವ ದಿನ ಓಮದ ಹೊಗೆ ಹಾಕಬೇಕು, ಎಲ್ಲ ಹೇಳಿ ಹೊರಟಿದ್ದೇನೆ.

*

ಹೊಳೆನರಸೀಪುರ
18-12-1963

ಅನಸೂಯಳಿಗೆ,

ಇಪ್ಪತ್ತು ದಿನಕ್ಕೆಂದು ಬಂದವಳು ಮೂರು ತಿಂಗಳಾದರೂ ಇಲ್ಲೇ ಇದ್ದೇನೆ. ದಾಕ್ಷಾಯಣಿಯ ಕೈ ಕೂಡಿ ತಿಂಗಳಾಯಿತು. ಮೊನ್ನೆ ಬಾವಿಯಿಂದ ಎರಡು ಕೊಡ ನೀರು ಸೇದಿದ್ದನ್ನು ಕಣ್ಣಾರೆ ಕಂಡೆ. ನನ್ನನ್ನು ನೋಡುತ್ತಲೇ ಕೈ ಹಿಡಿದುಕೊಂಡು, "ಅಯ್ಯೋ ಅವ್ವಾ, ಇನ್ನೂ ಸಳಕು ಒಡೀತದೆ" ಎಂದಳು. ಹೊರಡುತ್ತೇನೆ ಎಂದರೆ ಒಂದು ದಿನ ಮಗುವಿಗೆ ಕೆಮ್ಮು, ಒಂದು ದಿನ ಬಸ್ಸಿಲ್ಲ, ಒಂದು ದಿನ ಅಮಾವಾಸ್ಯೆ. ಅಳಿಯನಂತೂ ಎದುರಿಗೇ ಬರುವುದಿಲ್ಲ. ವಯಸ್ಸಾದ ತಾಯಿಯ ಮೇಲೆ ಮಗಳಿಗೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಏಕೆ ಉಕ್ಕಿತೋ!

ಊರಿನಿಂದ ಪುಟ್ಟಸ್ವಾಮಿ ಒಂದು ಸಲವೂ ಬರಲಿಲ್ಲ. ರಾಗಿ ಕುಯ್ಲು ಎಂದು ಹೇಳಿಕಳಿಸಿದ. ಚನ್ನರಾಯಪಟ್ಟಣದ ಸಂತೆಗೆ ಹೋಗಲು ಬಿಡುವಿದೆಯಂತೆ, ಹೆತ್ತವಳನ್ನು ನೋಡಲು ಇಲ್ಲವಂತೆ. ಮಾಘ ಹತ್ತಿರ ಬಂತು. ಬೈರಯ್ಯ ಲಗ್ನಕ್ಕೆ ದಿನ ಕೇಳುತ್ತಿದ್ದಾನೆ. ನಂಜಮ್ಮ ಮುನಿಸಿಕೊಂಡು ಅರಕಲಗೂಡಿಗೆ, ತವರಿಗೆ ಹೋಗಿ ಕೂತಿರಬೇಕು, ಅದಕ್ಕೇ ನೀವೆಲ್ಲ ಬಾಯಿ ಮುಚ್ಚಿಕೊಂಡಿದ್ದೀರಿ. ಹೋಗಿದ್ದರೆ ಹೋಗಲಿ. ಅಡಿಗೆಗೆ ಯಾರಿದ್ದಾರೆ ಅಷ್ಟು ಬರೆ.

ನೀನು ದೀಪಾವಳಿಗೆ ಊರಿಗೆ ಹೋಗಿದ್ದೆಯಂತೆ. ನನಗೆ ಒಂದು ಸಾಲು ಬರೆಯಲಿಲ್ಲ. ಬಿಳಿ ಬೊಟ್ಟಿನದು ಹೇಗಿದೆ?

*

ಹಾಸನ
20-1-1964

ಅಜ್ಜಿಯವರಿಗೆ,

ನಿಮಗೆ ಸುಳ್ಳು ಹೇಳಿ ಸಾಕಾಗಿದೆ. ಎಲ್ಲವನ್ನೂ ಬರೆಯುತ್ತೇನೆ.

ಅತ್ತೆ ತವರಿಗೆ ಹೋಗಿಲ್ಲ. ಮನೆಯಲ್ಲೇ ಇದ್ದಾರೆ. ಅವರಿಗೆ ಮೂರು ತಿಂಗಳು ತುಂಬಿದೆ. ಹೌದು, ನೀವು ಓದಿದ್ದು ಸರಿಯಾಗಿಯೇ ಇದೆ. ಹೋದ ವಾರ ಹಾಸನಕ್ಕೆ ಕರೆಸಿ ಲೇಡಿ ಡಾಕ್ಟರಿಗೆ ತೋರಿಸಿದೆ. ಮಗು ಚೆನ್ನಾಗಿದೆ ಎಂದರು. ಮಾವ ಆಸ್ಪತ್ರೆಯ ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದವರು ಸುದ್ದಿ ಕೇಳಿ, "ಅವ್ವುಂಗೆ ಈಗ್ಲೇ ಏಳ್ಬ್ಯಾಡ ಕಣವ್ವಾ" ಎಂದರು. ಮೊದಲು ಬಾಯಿಂದ ಬಂದ ಮಾತು ಅದು.

ಚಿಕ್ಕಮ್ಮನ ಕೈ ಮುರಿದದ್ದು ನಿಜ. ಆದರೆ ನಿಮ್ಮನ್ನು ಉಳಿಸಿಕೊಳ್ಳಿ, ಏನಾದರೂ ನೆವ ಹೇಳಿ ಎಂದು ಅವರಿಗೆ ಬರೆದವಳು ನಾನು. ಮದುವೆ ತಪ್ಪಿಸಲು ನನಗೆ ಬೇರೆ ದಾರಿ ಕಾಣಲಿಲ್ಲ. ಮಾವ ಅತ್ತೆ ನಾಲ್ಕು ದಿನ ಗಂಡಹೆಂಡಿರ ಹಾಗೆ ಇರಲಿ ಎಂದುಕೊಂಡೆ. ಇಷ್ಟಾಗುತ್ತದೆಂದು ನನಗೂ ಗೊತ್ತಿರಲಿಲ್ಲ.

ಕಡಜದ ಗೂಡು ಇಲ್ಲ. ನೀವು ಹೊಳೆನರಸೀಪುರದ ಬಸ್ಸು ಹತ್ತಿದ ದಿನವೇ ಅತ್ತೆ ತೆಂಗಿನ ಗರಿಗೆ ಬೆಂಕಿ ಹಚ್ಚಿ ಸುಟ್ಟುಬಿಟ್ಟರಂತೆ. ದೀಪಾವಳಿಗೆ ಹೋದಾಗ ಸೂರಿನಲ್ಲಿ ಕಪ್ಪು ಮಸಿ ಮಾತ್ರ ಇತ್ತು. ನನ್ನ ಒಂದು ವರ್ಷದ ಓದು ಹಾಳಾಯಿತಲ್ಲ ಅತ್ತೆ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. "ಆ ಬಿಳೀ ಬೊಟ್ಟಿಂದು ಮೊಟ್ಟೆ ತಿಂತದೆ ಕಣವ್ವಾ. ನಿಮ್ಮಜ್ಜಿ ಬರ್ದಿಲ್ವಾ?" ಎಂದರು.

ನೀವು ಬರೆದಿರಲಿಲ್ಲ. ಆ ನಾಲ್ಕು ದಿನದಲ್ಲಿ ನಿಮಗೆ ಸೊಂಟ ಹಿಡಿದಿರಲಿಲ್ಲವಂತೆ.

ಡಾಕ್ಟರು ಅತ್ತೆಯನ್ನು ಇದು ಮೊದಲನೆಯದೇ ಎಂದು ಕೇಳಿದರು. ಅತ್ತೆ ಎರಡು ಬೆರಳು ತೋರಿಸಿದರು. ಮೊದಲನೆಯದು ಏನಾಯಿತು ಎಂದರೆ ಸೆರಗು ಬಾಯಿಗೆ ಇಟ್ಟುಕೊಂಡು ಕೂತರು. ಮಾವನಿಗೂ ಗೊತ್ತಿಲ್ಲ. ಅಜ್ಜಿ, ನಿಮಗೆ ಗೊತ್ತಿದೆಯೇ?

ಹೆರಿಗೆಯಾಗುವವರೆಗೆ ನೀವು ಊರಿಗೆ ಬರಬೇಡಿ. ಇದು ನನ್ನ ಮಾತು, ಅತ್ತೆ ಹೇಳಿಸಿದ್ದಲ್ಲ. ಅವರು ಇನ್ನೂ ನಡುಮನೆಯಲ್ಲೇ ಮಲಗುತ್ತಾರೆ. ಬಾಣಂತನಕ್ಕೆ ನಿಮ್ಮ ಆ ಕೋಣೆ ಬಿಟ್ಟರೆ ಮನೆಯಲ್ಲಿ ಬೇರೆ ಜಾಗವಿಲ್ಲ, ಆದರೆ ಅದರೊಳಗೆ ಕಾಲಿಡುವುದಿಲ್ಲ. "ಒಳೀಕೆ ಓದ್ರೆ ಓಮದ ವಾಸ್ನೆ ಒಡೀತದೆ, ಒಟ್ಟೆ ತೊಳಸ್ತದೆ" ಎನ್ನುತ್ತಾರೆ.

ಅನಸೂಯ

*

ಹೊಳೆನರಸೀಪುರ
2-2-1964

ಅನಸೂಯ,

ಕಾಗದ ಬಂದು ಹತ್ತು ದಿನವಾಯಿತು. ಬಂದ ದಿನವೇ ದಾಕ್ಷಾಯಣಿಗೆ, ನಿನ್ನ ಕೈ ಇನ್ನು ವಾಸಿಯಾಗಲಿ ಬಿಡು, ಎಲ್ಲ ತಿಳಿಯಿತು ಎಂದೆ. ಅತ್ತಳು. ನಾನು ಬೈಯಲಿಲ್ಲ. ಬೈಯುವುದಕ್ಕೆ ಮೇಲಿನ ಜಾಗ ಬೇಕು, ಅದು ಈಗ ನನಗಿಲ್ಲ.

ಬಿಳಿ ಬೊಟ್ಟಿನದನ್ನು ಬೆಂಕಿಪೊಟ್ಟಣದಲ್ಲಿ ಹಾಕು ಎಂದು ನೀನು ಕೇಳಿದೆ. ನಾನು ಒಪ್ಪಲಿಲ್ಲ. ನೀನು ನನ್ನನ್ನೇ ಹೊಳೆನರಸೀಪುರಕ್ಕೆ ಹಾಕಿ ಮುಚ್ಚಿದೆ. ಗೂಡಿನಲ್ಲಿ ಏನಾಗುತ್ತದೆ ನೋಡಿದೆಯಲ್ಲ. ನಿನ್ನ ಮೇಷ್ಟರು ಒಳ್ಳೆ ನಂಬರು ಕೊಡಲಿ.

ಈಗ ಆ ನಾಲ್ಕು ದಿನದ್ದು ಬರೆಯುತ್ತೇನೆ. ಬರಹ ಪೂರ್ತಿಯಾಗಲಿ.

ಆಗಸ್ಟ್ ಒಂದು, ಬೆಳಿಗ್ಗೆ. ಬಿಳಿ ಬೊಟ್ಟಿನದು ಗೂಡಿನ ಹಿಂಬದಿಯಲ್ಲಿತ್ತು. ಅರಿಸಿನದ ಬೊಟ್ಟಿನದು, ಎಲ್ಲಕ್ಕಿಂತ ಹೆಚ್ಚು ದುಡಿಯುವುದು, ಒಂದು ಖಾಲಿ ಕೋಣೆಯೊಳಗೆ ಬಾಲ ಇಳಿಸಿ ಮೊಟ್ಟೆಯಿಟ್ಟಿತು. ಇಟ್ಟು ಅದರ ಬಾಗಿಲಲ್ಲೇ ನಿಂತಿತು. ಬಿಳಿಯದು ನಿಧಾನವಾಗಿ ಬಂತು. ಜಗಳವಿಲ್ಲ, ಕಚ್ಚಾಟವಿಲ್ಲ. ಅರಿಸಿನದ್ದು ತಾನೇ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ಬಿಳಿಯದು ತಲೆ ಒಳಗೆ ಹಾಕಿ ಮೊಟ್ಟೆ ತಿಂದಿತು. ಆಮೇಲೆ ಅದೇ ಕೋಣೆಯಲ್ಲಿ ತನ್ನದನ್ನು ಇಟ್ಟಿತು. ಅರಿಸಿನದ್ದು ಮೇವು ತರಲು ಹಾರಿಹೋಯಿತು.

ತಿರುಗಿ ನೋಡಿದರೆ ಹಿಂದೆ ನಂಜಮ್ಮ, ಸಗಣಿ ಬುಟ್ಟಿ ಸೊಂಟದ ಮೇಲೆ ಇಟ್ಟುಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನ ಮುಖ ನೋಡಿದಳು. ಬುಟ್ಟಿ ತೆಗೆದುಕೊಂಡು ತಿಪ್ಪೆಗೆ ಹೋದಳು. ನಾನು ನಾಲ್ಕು ದಿನ ಸೀಸದಕಡ್ಡಿ ಮುಟ್ಟಲಿಲ್ಲ.

ನಿನಗೆ ಆಗ ಐದು ವರ್ಷ, ನೆನಪಿರುವುದಿಲ್ಲ. ಸಾವಿರದ ಒಂಬೈನೂರ ನಲವತ್ತೊಂಬತ್ತು. ನನಗೆ ನಲವತ್ತೊಂದು, ಹೊಟ್ಟೆಯಲ್ಲಿ ಐದು ತಿಂಗಳು. ನಂಜಮ್ಮ ಬೆಳಿಗ್ಗೆ ಬೆಳಿಗ್ಗೆ ಹಿತ್ತಿಲಿಗೆ ಓಡಿ ವಾಂತಿ ಮಾಡುವುದು ಕಂಡಿತು. ಎರಡು ತಿಂಗಳು. ಅತ್ತೆ ಸೊಸೆ ಒಂದೇ ಸೂರಿನ ಕೆಳಗೆ ಬಸುರಾಗಿ ಓಡಾಡುವುದು ನಮ್ಮಲ್ಲಿ ಇಲ್ಲ. ಹಾಗೇನಾದರೂ ಆದರೆ ಎರಡರಲ್ಲಿ ಒಂದು ಕೂಸು ಉಳಿಯುವುದಿಲ್ಲ ಎನ್ನುತ್ತಿದ್ದರು. ಸೀಗೆಕೊಪ್ಪಲಿನಲ್ಲಿ ಒಂದು ಮನೆಯಲ್ಲಿ ಹಾಗಾದಾಗ ಬಾವಿಕಟ್ಟೆಯ ಹೆಂಗಸರು, "ಮೊದ್ಲು ಯಾರ್ದಮ್ಮೋ, ಅತ್ತೇದೋ ಸೊಸೇದೋ? ಎರಡಕ್ಕೂ ಒಂದೇ ತೊಟ್ಲಾ?" ಎಂದು ಕೂಗಿ ಕೇಳಿದ್ದನ್ನು ನಾನೂ ನಿಂತು ಕೇಳಿ ನಕ್ಕಿದ್ದೆ. ನನಗೆ ಆ ನಗು ಬೇಡವಾಗಿತ್ತು. ಒಬ್ಬರು ಬಿಡಬೇಕಿತ್ತು. ನಾನು ಬಿಡುವವಳಲ್ಲ.

ಏನು ಬೇಯಿಸಿದೆ ಎಂದು ಬರೆಯುವುದಿಲ್ಲ. ಪಿತ್ತಕ್ಕೆ ಒಳ್ಳೆಯದು, ಕುಡಿ ಎಂದೆ. ಅವಳಿಗೆ ಗೊತ್ತಿತ್ತು. ಲೋಟ ಕೈಗೆ ತೆಗೆದುಕೊಂಡು ನನ್ನ ಹೊಟ್ಟೆ ನೋಡಿದಳು, ಮುಖ ನೋಡಿದಳು, ಕುಡಿದಳು. ಲೋಟ ತೊಳೆದು ಬೋರಲು ಹಾಕಿದಳು. ಆಮೇಲೆ ಒಂದು ತಿಂಗಳು ಅರಕಲಗೂಡಿಗೆ ಕಳಿಸಿದೆ. ನನ್ನ ಹೆರಿಗೆಗೆ ಸರಿಯಾಗಿ ವಾಪಸು ಬಂದು ಕೋಣೆಯಲ್ಲಿ ಅಗ್ಗಿಷ್ಟಿಕೆ ಹೊತ್ತಿಸಿ ಓಮದ ಹೊಗೆ ಹಾಕಿದಳು. ನನ್ನ ಕೂಸು ಹದಿನೆಂಟು ದಿನ ಇತ್ತು. ಅದಕ್ಕೂ ಕಡೆಯ ನೀರು ಹಾಕಿದ್ದು ಅವಳೇ.

ಬಂಜೆ ಎಂಬ ಮಾತನ್ನು ಊರಿನಲ್ಲಿ ಮೊದಲು ಆಡಿದ್ದು ನಾನು. ನಾನೇ ಹೇಳಿಬಿಟ್ಟರೆ ಬೇರೆ ಯಾರೂ ಏಕೆ ಎಂದು ಕೇಳುವುದಿಲ್ಲ ಎಂದು ಗೊತ್ತಿತ್ತು. ಹೇಳಿ ಹೇಳಿ ನನಗೇ ನಿಜವಾಯಿತು. ನನಗೆ ಹೆರುವುದು ನಿಂತು ಹನ್ನೆರಡು ವರ್ಷವಾದರೂ ಆ ಕೋಣೆ ಬಿಡಲಿಲ್ಲ, ಅಮಾವಾಸ್ಯೆ ಹುಣ್ಣಿಮೆಗೆ ಹೊಗೆ ಹಾಕುವುದು ಬಿಡಲಿಲ್ಲ. ಮನೆಗೆ ಒಳ್ಳೆಯದು ಎನ್ನುತ್ತಿದ್ದೆ. ಅವಳು ಆ ವಾಸನೆ ಬಂದ ಕೂಡಲೇ ಗಂಡನ ಪಕ್ಕದಿಂದ ಚಾಪೆ ಸುತ್ತಿಕೊಂಡು ಅಡಿಗೆಮನೆಗೆ ಹೋಗುತ್ತಿದ್ದಳು. ನಾನು ಯಾವತ್ತೂ ಹೋಗು ಎನ್ನಲಿಲ್ಲ. ಕಚ್ಚದ ರಾಣಿ ಎಲ್ಲಾದರೂ ಉಂಟೇ ಎಂದು ಕೇಳಿದರಲ್ಲ ನಿನ್ನ ಮೇಷ್ಟರು, ಅವರಿಗೆ ನನ್ನ ವಿಳಾಸ ಕೊಡು.

ಬೈರಯ್ಯನಿಗೆ ಕಾಗದ ಹಾಕಿದ್ದೇನೆ. ಮದುವೆ ಇಲ್ಲ. ಕಾರಣ ಬರೆದಿಲ್ಲ.

ಪುಟ್ಟಸ್ವಾಮಿಗೆ ಹೇಳುವುದು ಬಿಡುವುದು ನಂಜಮ್ಮನಿಗೆ ಸೇರಿದ್ದು. ಹದಿನೈದು ವರ್ಷ ಅವಳು ನನ್ನ ಮಾನ ಕಾದಳು. ಅದು ಪ್ರೀತಿಯಿಂದಲ್ಲ ಎಂದು ನನಗೆ ಗೊತ್ತು.

ಕೋಣೆಯ ಅಗ್ಗಿಷ್ಟಿಕೆಯನ್ನು ಒಡೆದು ಎಸೆಯಿರಿ. ನನ್ನ ಚಾಪೆ, ಕಂಬಳಿ ಸುಡಿರಿ. ನಾಗಂದಿಗೆಯ ಮೇಲೆ ಓಮದ ಗಡಿಗೆ ಇದೆ, ಹೊಲಕ್ಕೆ ಸುರಿಯಿರಿ, ಬಾಣಂತನಕ್ಕೆ ಬೇರೆ ತರಿಸಿ, ಇಲ್ಲವೇ ತರಿಸಲೇ ಬೇಡಿ. ಗೋಡೆಗೆ ಸುಣ್ಣ ಹೊಡೆಸಿ. ಒಂದು ಸಲ ಸಾಲದು, ಎರಡು ಸಲ. ಮೂವತ್ತೈದು ವರ್ಷದ ಹೊಗೆ ಅದು.

ನಾನು ಬರುವುದಿಲ್ಲ. ಮಗು ಹುಟ್ಟಿದ ಮೇಲೆ ಒಂದು ಕಾರ್ಡು ಹಾಕು. ಗಂಡೋ ಹೆಣ್ಣೋ, ಅಷ್ಟು ಸಾಕು. ಬಾ ಎಂದು ಮಾತ್ರ ಬಾಯುಪಚಾರಕ್ಕೂ ಬರೆಯಬೇಡ.

ದೊಡ್ಡತಾಯಮ್ಮ

*

ದಂಡಿಗನಹಳ್ಳಿ
26-7-1964

ಅಜ್ಜಿಯವರಿಗೆ,

ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ.

ಕೋಣೆಗೆ ನೀವು ಹೇಳಿದ ಹಾಗೆ ಎರಡು ಸಲ ಸುಣ್ಣ ಹೊಡೆಸಿದ್ದೆವು. ಹೆರಿಗೆಗೆ ವಾರವಿರುವಾಗ ಅತ್ತೆ ಮೊದಲ ಸಲ ಒಳಗೆ ಹೋದರು. ನಾಲ್ಕೂ ಗೋಡೆಗೆ ಮೂಗಿಟ್ಟು ಮೂಸಿ ನೋಡಿ ಹೊರಗೆ ಬಂದು, ಇನ್ನೊಂದು ಸಲ ಹೊಡೆಸಿದರು.

ಅನಸೂಯ